ಆಟದೊಳಗಿನ ಸ್ವಾತಂತ್ರ್ಯ, ಆಟದ ಮೇಲಿನ ಸ್ವಾತಂತ್ರ್ಯ: ಮುಕ್ತಲೋಕದ ವಿಡಿಯೊ ಆಟಗಳು ಮತ್ತು ಮಾಡ್ ರಚನೆ

ವಿಡಿಯೊ ಆಟವನ್ನು ಒಂದು ಕೃತಿಯೆಂದು ಪರಿಗಣಿಸಿ ಅಧ್ಯಯನ ಮಾಡುವ ಕ್ರಮ ಇತ್ತೀಚಿನದು. ೧೯೯೭ರಲ್ಲಿ ಪ್ರಕಟವಾದ ಎರಡು ಗ್ರಂಥಗಳು ಈ ಅಧ್ಯಯನಕ್ಕೆ ತಳಹದಿ ಹಾಕಿದವು. ಎಸ್ಪೆನ್ ಆರ್ಸೆತ್ ಅವರ ‘ಸೈಬರ್‌ಟೆಕ್ಸ್ಟ್’, ಓದುಗನ ಕ್ರಿಯೆಯಿಲ್ಲದೆ ಮುಂದುವರಿಯದ ಪಠ್ಯಗಳ ಸ್ವರೂಪವನ್ನು ವಿವೇಚಿಸಿತು. ಜಾನೆಟ್ ಮರ್ರೆ ಅವರ ‘ಹ್ಯಾಮ್ಲೆಟ್ ಆನ್ ದ ಹಾಲೊಡೆಕ್’, ಆಟಗಾರ ಕೈಗೊಂಡ ಕ್ರಿಯೆಗೆ ಆಟದ ಲೋಕ ಅರ್ಥಪೂರ್ಣವಾಗಿ ಸ್ಪಂದಿಸಿದಾಗ ಉಂಟಾಗುವ ತೃಪ್ತಿಯನ್ನು ಕರ್ತೃತ್ವಶಕ್ತಿಯ ಅನುಭವವೆಂದು ಗುರುತಿಸಿತು. ಅಲ್ಲಿಂದೀಚೆಗೆ ‘ಆಟಗಾರನ ಸ್ವಾತಂತ್ರ್ಯ’ ಎಂಬ ಮಾತು ವಿಮರ್ಶೆಯಲ್ಲಿಯೂ ಜಾಹೀರಾತಿನಲ್ಲಿಯೂ ಸಮಾನವಾಗಿ ಬಳಕೆಯಾಗುತ್ತ ಬಂದಿದೆ. ಆದರೆ ಈ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ನಿಯಮಗಳ ಒಳಗಿದ್ದು ಬಯಸಿದಂತೆ ನಡೆದುಕೊಳ್ಳುವುದು ಒಂದು. ನಿಯಮಗಳನ್ನೇ ಬದಲಿಸುವುದು ಇನ್ನೊಂದು. ಮೊದಲನೆಯದನ್ನು ಆಟದೊಳಗಿನ ಸ್ವಾತಂತ್ರ್ಯವೆಂದೂ ಎರಡನೆಯದನ್ನು ಆಟದ ಮೇಲಿನ ಸ್ವಾತಂತ್ರ್ಯವೆಂದೂ ಕರೆಯಬಹುದು. ಇವೆರಡರ ಸಂಬಂಧವನ್ನು ಅಮೆರಿಕದ ಬೆಥೆಸ್ಡಾ ಸಂಸ್ಥೆಯ ‘ದಿ ಎಲ್ಡರ್ ಸ್ಕ್ರೋಲ್ಸ್’ ಸರಣಿಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪಾತ್ರಧಾರಣೆಯ ಆಟಗಳ ಮೂಲ

ರೋಲ್ ಪ್ಲೇಯಿಂಗ್ ಗೇಮ್ ಎಂದು ಪ್ರಸಿದ್ಧವಾಗಿರುವ ಪಾತ್ರಧಾರಣೆಯ ಆಟಗಳು ಕಂಪ್ಯೂಟರಿನಲ್ಲಿ ಹುಟ್ಟಿದವುಗಳಲ್ಲ. ೧೯೭೪ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಕೆಲವರು ಮೇಜಿನ ಸುತ್ತ ಕುಳಿತು, ಕಾಗದ ಮತ್ತು ದಾಳಗಳ ನೆರವಿನಿಂದ ಆಡುತ್ತಿದ್ದರು. ಅವರಲ್ಲೊಬ್ಬ ಕಥಾಲೋಕವನ್ನು ನಿರ್ವಹಿಸುವ ಸೂತ್ರಧಾರನಾಗಿರುತ್ತಿದ್ದ. ಆಟಗಾರ ಮುಚ್ಚಿದ ಬಾಗಿಲನ್ನು ತೆರೆಯುವ ಬದಲು ಗೋಡೆಯನ್ನೇ ಒಡೆಯುತ್ತೇನೆಂದರೆ, ಪುಸ್ತಕದಲ್ಲಿ ಅದಕ್ಕೆ ನಿಯಮವಿಲ್ಲದಿದ್ದರೂ ಸೂತ್ರಧಾರ ಆ ಕ್ಷಣವೇ ಒಂದು ನಿಯಮವನ್ನು ಕಲ್ಪಿಸಿಕೊಳ್ಳುತ್ತಿದ್ದ. ನಿಯಮದ ಪಾಲನೆ ಮತ್ತು ನಿಯಮದ ತಿದ್ದುಪಡಿ ಎರಡೂ ಒಬ್ಬನ ಕೈಯಲ್ಲಿದ್ದುದರಿಂದ ಮೇಲೆ ಹೇಳಿದ ಎರಡು ಸ್ವಾತಂತ್ರ್ಯಗಳ ನಡುವೆ ಗೆರೆಯೆಳೆಯುವ ಅಗತ್ಯವೇ ಇರಲಿಲ್ಲ.

ಕಂಪ್ಯೂಟರ್ ಆ ಸೂತ್ರಧಾರನ ಸ್ಥಾನವನ್ನು ಆಕ್ರಮಿಸಿಕೊಂಡಾಗ ಈ ಗೆರೆ ಮೂಡಿತು. ಯಂತ್ರ ದಣಿಯದೆ ಲೆಕ್ಕವಿಡಬಲ್ಲುದು. ಆದರೆ ಬರೆದಿಟ್ಟ ಸೂಚನೆಯನ್ನು ಮೀರಿ ಒಪ್ಪಂದಕ್ಕೆ ಬರಲಾರದು. ಗೋಡೆ ಒಡೆಯಬಹುದೆಂದು ಕ್ರಮವಿಧಿಯಲ್ಲಿ ಇಲ್ಲದಿದ್ದರೆ ಗೋಡೆ ಒಡೆಯುವುದಿಲ್ಲ. ಓಪನ್ ವರ್ಲ್ಡ್ ಎಂಬ ಮುಕ್ತಲೋಕದ ಆಟಗಳು ಈ ಕೊರತೆಯನ್ನು ವಿಸ್ತಾರದಿಂದ ತುಂಬಲು ಯತ್ನಿಸಿದವು. ಇಂತಹ ಆಟದಲ್ಲಿ ಹಂತಗಳ ಕಡ್ಡಾಯ ಅನುಕ್ರಮವಿರುವುದಿಲ್ಲ. ಆಟಗಾರ ಯಾವ ದಿಕ್ಕಿಗೂ ನಡೆಯಬಹುದು. ಮುಖ್ಯ ಕಥೆಯನ್ನು ಬದಿಗಿಟ್ಟು ಬೇಟೆ, ವ್ಯಾಪಾರ, ಕಳ್ಳತನ, ವಿದ್ಯಾಭ್ಯಾಸಗಳಲ್ಲಿ ಕಾಲ ಕಳೆಯಬಹುದು.

೨. ವಿಸ್ತಾರ ಮತ್ತು ಪರಿಣಾಮ

ಎಲ್ಡರ್ ಸ್ಕ್ರೋಲ್ಸ್ ಸರಣಿ ೧೯೯೪ರಲ್ಲಿ ‘ಅರೀನಾ’ ಎಂಬ ಆಟದಿಂದ ಆರಂಭವಾಯಿತು. ೧೯೯೬ರ ‘ಡ್ಯಾಗರ್‌ಫಾಲ್’ ವಿಸ್ತಾರದ ದೃಷ್ಟಿಯಿಂದ ಇಂದಿಗೂ ಉಲ್ಲೇಖಕ್ಕೆ ಪಾತ್ರವಾಗಿದೆ. ಅದರಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಊರು, ದೇಗುಲ, ಗುಹೆ, ಕೋಟೆಗಳಿದ್ದವು. ಇಷ್ಟನ್ನೂ ಕೈಯಿಂದ ರಚಿಸುವುದು ಅಸಾಧ್ಯವಾದುದರಿಂದ ಸಿದ್ಧ ಘಟಕಗಳನ್ನು ಗಣಿತಸೂತ್ರಗಳ ಮೂಲಕ ಬೇರೆ ಬೇರೆ ರೀತಿಯಲ್ಲಿ ಜೋಡಿಸಲಾಗಿತ್ತು. ಪರಿಣಾಮವಾಗಿ ಎಲ್ಲಿ ಹೋದರೂ ಹೋಗಬಹುದಾಗಿತ್ತು. ಆದರೆ ಒಂದು ಊರಿಗೂ ಇನ್ನೊಂದು ಊರಿಗೂ ನೆನಪಿನಲ್ಲುಳಿಯುವ ವ್ಯತ್ಯಾಸ ವಿರಳವಾಗಿತ್ತು. ಹೋಗುವ ಸ್ವಾತಂತ್ರ್ಯಕ್ಕೆ ಹೋದುದರ ಫಲ ಜೊತೆಯಾಗದಿದ್ದರೆ ಅದು ಬರಿಯ ದೂರವಾಗುತ್ತದೆ ಎಂಬುದಕ್ಕೆ ಡ್ಯಾಗರ್‌ಫಾಲ್ ನಿದರ್ಶನ.

೨೦೦೨ರ ‘ಮೊರೋವಿಂಡ್’ ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿಯಿತು. ಅದರ ಭೂಮಿ ಹಿಂದಿನದಕ್ಕಿಂತ ಬಹು ಚಿಕ್ಕದು. ವಾರ್ಡನ್‌ಫೆಲ್ ಎಂಬ ಒಂದು ದ್ವೀಪ ಮಾತ್ರ. ಆದರೆ ಅಲ್ಲಿಯ ಊರುಗಳನ್ನೂ ದಾರಿಗಳನ್ನೂ ಕೈಯಿಂದಲೇ ರೂಪಿಸಲಾಗಿತ್ತು. ಗಮ್ಯವನ್ನು ತೋರಿಸುವ ಗುರುತು ಪರದೆಯ ಮೇಲೆ ಮೂಡುತ್ತಿರಲಿಲ್ಲ. ಜನರು ಹೇಳಿದ ದಾರಿಯನ್ನು ನೆನಪಿಟ್ಟುಕೊಂಡು ಹುಡುಕಬೇಕಾಗಿತ್ತು. ಇದಕ್ಕಿಂತ ಮುಖ್ಯವಾದುದು ಸೋಲುವ ಸ್ವಾತಂತ್ರ್ಯ. ಕಥೆಗೆ ಅನಿವಾರ್ಯವಾದ ಪಾತ್ರವೊಂದನ್ನು ಆಟಗಾರ ಕೊಂದರೆ, ವಿಧಿಯ ಎಳೆ ಕಡಿದಿದೆಯೆಂಬ ಎಚ್ಚರಿಕೆ ಬರುತ್ತಿತ್ತು. ಹಿಂದೆ ಉಳಿಸಿಕೊಂಡ ಸ್ಥಿತಿಗೆ ಮರಳಬಹುದು, ಇಲ್ಲವೇ ತಾನೇ ಕೆಡಿಸಿದ ಲೋಕದಲ್ಲಿ ಮುಂದುವರಿಯಬಹುದು. ಹಾಗೆ ಮುಂದುವರಿದವನಿಗೂ ಆಟವನ್ನು ಪೂರೈಸುವ ಒಂದು ಕಠಿಣವಾದ ಒಳದಾರಿಯನ್ನು ರಚನಕಾರರು ಉಳಿಸಿದ್ದರು.

೨೦೦೬ರ ‘ಒಬ್ಲಿವಿಯನ್’ನಲ್ಲಿ ಈ ಸ್ಥಿತಿ ಬದಲಾಯಿತು. ಮುಖ್ಯ ಪಾತ್ರಗಳು ಪೆಟ್ಟು ತಿಂದರೆ ಮೂರ್ಛೆ ಹೋಗಿ ಮತ್ತೆ ಎದ್ದು ನಿಲ್ಲುತ್ತಿದ್ದವು. ದಿಕ್ಸೂಚಿಯ ಮೇಲೆ ಗಮ್ಯದ ಗುರುತು ಸದಾ ಕಾಣುತ್ತಿತ್ತು. ೨೦೧೧ರ ‘ಸ್ಕೈರಿಮ್’ ಇದೇ ಕ್ರಮವನ್ನು ಮುಂದುವರಿಸಿ, ಸಣ್ಣಪುಟ್ಟ ಕಾರ್ಯಗಳನ್ನು ಕೊನೆಯಿಲ್ಲದಂತೆ ತಾನೇ ಹುಟ್ಟಿಸಿಕೊಡುವ ವ್ಯವಸ್ಥೆಯನ್ನೂ ಸೇರಿಸಿತು. ಇದರಿಂದ ಆಟ ಹೆಚ್ಚು ಜನರಿಗೆ ಸುಲಭಸಾಧ್ಯವಾಯಿತೆಂಬುದು ನಿಜ. ಆದರೆ ತಪ್ಪು ಮಾಡಲು ಅವಕಾಶವಿಲ್ಲದ ಕಡೆ ಆಯ್ಕೆಗೂ ತೂಕವಿರುವುದಿಲ್ಲ ಎಂಬ ಆಕ್ಷೇಪವೂ ಅಷ್ಟೇ ನಿಜ. ಫ್ರೆಂಚ್ ಚಿಂತಕ ರೋಜೆ ಕಾಯ್ವಾ ೧೯೫೮ರ ತಮ್ಮ ಗ್ರಂಥದಲ್ಲಿ ಕಟ್ಟಿಲ್ಲದ ಲೀಲೆ ಮತ್ತು ನಿಯಮಬದ್ಧ ಕ್ರೀಡೆ ಎಂಬ ಎರಡು ತುದಿಗಳ ನಡುವೆ ಎಲ್ಲ ಆಟಗಳನ್ನೂ ಇರಿಸಿದ್ದರು. ಎಲ್ಡರ್ ಸ್ಕ್ರೋಲ್ಸ್ ಸರಣಿ ಈ ಎರಡು ತುದಿಗಳ ನಡುವೆ ತೂಗಾಡಿದೆ. ಅದು ಎಲ್ಲಿ ನಿಲ್ಲಬೇಕೆಂಬುದನ್ನು ಅಂತಿಮವಾಗಿ ತೀರ್ಮಾನಿಸಿದವರು ಸಂಸ್ಥೆಯವರಷ್ಟೇ ಅಲ್ಲ, ಆಟಗಾರರೂ ಹೌದು. ಅದಕ್ಕೆ ಸಾಧನವಾದುದು ಮಾಡ್.

೩. ಮಾಡ್‌ನ ರಚನೆ

ಮಾಡ್ ಎಂಬುದು ಮಾರ್ಪಾಡು ಎಂಬರ್ಥದ ಮಾಡಿಫಿಕೇಷನ್ ಪದದ ಹ್ರಸ್ವರೂಪ. ಈಗಾಗಲೇ ಪ್ರಕಟವಾದ ಆಟಕ್ಕೆ ಆಟಗಾರರೇ ರಚಿಸಿ ಸೇರಿಸುವ ಕಡತಗಳಿಗೆ ಈ ಹೆಸರು ಸಲ್ಲುತ್ತದೆ. ೧೯೯೩ರ ‘ಡೂಮ್’ ಆಟದಲ್ಲಿ ಚಿತ್ರ, ಧ್ವನಿ, ನಕಾಶೆಗಳನ್ನು ಆಟವನ್ನು ನಡೆಸುವ ಮೂಲ ಕ್ರಮವಿಧಿಯಿಂದ ಬೇರ್ಪಡಿಸಿ ಪ್ರತ್ಯೇಕ ಕಡತದಲ್ಲಿ ಇರಿಸಲಾಗಿತ್ತು. ಯಂತ್ರವನ್ನು ಮುಟ್ಟದೆ ಸಾಮಗ್ರಿಯನ್ನು ಬದಲಿಸುವ ದಾರಿ ಇದರಿಂದ ತೆರೆಯಿತು. ಮೊರೋವಿಂಡ್ ಒಂದು ಹೆಜ್ಜೆ ಮುಂದೆ ಹೋಗಿ, ಆಟದ ಜೊತೆಯಲ್ಲಿಯೇ ‘ಕನ್‌ಸ್ಟ್ರಕ್ಷನ್ ಸೆಟ್’ ಎಂಬ ರಚನಾ ಸಾಧನವನ್ನು ಗಣಕದ ಆವೃತ್ತಿಯನ್ನು ಕೊಂಡವರಿಗೆಲ್ಲ ನೀಡಿತು. ಸ್ಕೈರಿಮ್‌ಗೆ ಅಂತಹುದೇ ಸಾಧನ ೨೦೧೨ರ ಫೆಬ್ರವರಿಯಲ್ಲಿ ಬಂದಿತು.

ಈ ಆಟಗಳಲ್ಲಿ ಲೋಕದ ಪ್ರತಿಯೊಂದು ವಸ್ತುವೂ, ಅಂದರೆ ಒಂದು ಕತ್ತಿ, ಒಬ್ಬ ವರ್ತಕ, ಒಂದು ಸಂಭಾಷಣೆ, ಒಂದು ದಾಖಲೆಯಾಗಿರುತ್ತದೆ. ಪ್ರತಿ ದಾಖಲೆಗೂ ಒಂದು ಗುರುತುಸಂಖ್ಯೆ ಇರುತ್ತದೆ. ಮಾಡ್ ಮೂಲ ಕಡತವನ್ನು ಅಳಿಸುವುದಿಲ್ಲ. ಅದೇ ಗುರುತುಸಂಖ್ಯೆಯ ದಾಖಲೆಗೆ ಬೇರೊಂದು ಪಾಠವನ್ನು ಒದಗಿಸುತ್ತದೆ, ಇಲ್ಲವೇ ಹೊಸ ದಾಖಲೆಗಳನ್ನು ಸೇರಿಸುತ್ತದೆ. ಆಟ ಆರಂಭವಾದಾಗ ಕಡತಗಳು ಗೊತ್ತಾದ ಅನುಕ್ರಮದಲ್ಲಿ ಓದಲ್ಪಡುತ್ತವೆ. ಎರಡು ಮಾಡ್‌ಗಳು ಒಂದೇ ದಾಖಲೆಯನ್ನು ತಿದ್ದಿದ್ದರೆ ಕೊನೆಯಲ್ಲಿ ಓದಲ್ಪಟ್ಟುದೇ ಊರ್ಜಿತವಾಗುತ್ತದೆ. ಆದ್ದರಿಂದ ಯಾವ ಮಾಡ್‌ಗಳಿವೆ ಎಂಬುದರಷ್ಟೇ ಅವು ಯಾವ ಕ್ರಮದಲ್ಲಿವೆ ಎಂಬುದೂ ಮುಖ್ಯ. ಗುರುತುಸಂಖ್ಯೆಯ ಮೊದಲ ಎರಡು ಅಂಕಸ್ಥಾನಗಳು ಆ ದಾಖಲೆ ಯಾವ ಕಡತದ್ದೆಂಬುದನ್ನು ಸೂಚಿಸುತ್ತಿದ್ದುದರಿಂದ ಏಕಕಾಲಕ್ಕೆ ೨೫೫ಕ್ಕಿಂತ ಹೆಚ್ಚು ಕಡತಗಳಿಗೆ ಎಡೆಯಿರಲಿಲ್ಲ. ಈ ಮಿತಿಗೆ ತಲುಪುವಷ್ಟು ಮಾಡ್‌ಗಳನ್ನು ಅಳವಡಿಸಿಕೊಳ್ಳುವ ಆಟಗಾರರೂ ಇದ್ದರು. ಮುಂದಿನ ಆವೃತ್ತಿಯಲ್ಲಿ ಹಗುರ ಕಡತವೆಂಬ ಹೊಸ ಬಗೆಯನ್ನು ಕಲ್ಪಿಸಿ ಈ ಮಿತಿಯನ್ನು ಸಡಿಲಿಸಲಾಯಿತು.

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಚಿತ್ರ ಅಪರಿಚಿತವೆನಿಸದು. ಮೂಲ ಪಾಠ, ಪಾಠಾಂತರ, ಪ್ರಕ್ಷೇಪ ಎಂಬ ಪರಿಕಲ್ಪನೆಗಳು ಇಲ್ಲಿಗೂ ಒದಗುತ್ತವೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಓಲೆಗರಿಯ ಪ್ರತಿಯಲ್ಲಿ ಲಿಪಿಕಾರ ಸೇರಿಸಿದ ಪದ್ಯ ಮೂಲದ ಮೈಯಲ್ಲಿ ಬೆರೆತುಹೋಗುತ್ತದೆ. ಯಾರು ಸೇರಿಸಿದರೆಂಬುದು ತಿಳಿಯದಿದ್ದರೂ ಸೇರಿದ ಪಾಠವಂತೂ ಒಂದೆಡೆ ಉಳಿಯುತ್ತದೆ. ಮಾಡ್‌ನ ಸ್ಥಿತಿ ಇದಕ್ಕೆ ತಿರುಗುಮುರುಗು. ಪ್ರತಿ ಪ್ರಕ್ಷೇಪವೂ ಕರ್ತೃವಿನ ಹೆಸರು ಹೊತ್ತು ಪ್ರತ್ಯೇಕವಾಗಿಯೇ ಇರುತ್ತದೆ. ಆದರೆ ಅವೆಲ್ಲ ಕೂಡಿ ಉಂಟಾದ ಇಡಿಯ ಕೃತಿ ಆಟಗಾರನ ಗಣಕದ ಹೊರಗೆ ಎಲ್ಲಿಯೂ ಇರುವುದಿಲ್ಲ. ಆತ ಆ ಗಣಕವನ್ನು ಬದಲಿಸಿದ ದಿನ ಆ ಪಾಠವೂ ಇಲ್ಲವಾಗುತ್ತದೆ.

೪. ಮಾಡ್‌ಗಳ ಸಾಧನೆ

ಮಾಡ್‌ಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ದೋಷಪರಿಹಾರ. ಸಂಸ್ಥೆ ತಿದ್ದದೆ ಬಿಟ್ಟ ತಪ್ಪುಗಳನ್ನು ಆಟಗಾರರೇ ಪಟ್ಟಿಮಾಡಿ ಸರಿಪಡಿಸುವ ‘ಅನಧಿಕೃತ ತಿದ್ದುಪಡಿ’ಗಳು ಈ ಸರಣಿಯ ಆಟಗಳಿಗೆ ಸಿದ್ಧವಾಗಿವೆ. ಎರಡನೆಯದು ನಿಯಮಗಳ ಮರುರಚನೆ. ಹಸಿವು, ಚಳಿ, ಆಯಾಸಗಳನ್ನು ಸೇರಿಸಿ ಪ್ರಯಾಣವನ್ನು ಕಷ್ಟಕರಗೊಳಿಸುವ ಮಾಡ್‌ಗಳೂ, ಗಮ್ಯದ ಗುರುತನ್ನು ತೆಗೆದುಹಾಕುವ ಮಾಡ್‌ಗಳೂ ಇಲ್ಲಿಗೆ ಸೇರುತ್ತವೆ. ಸ್ವಾತಂತ್ರ್ಯವನ್ನು ಹೆಚ್ಚಿಸಿಕೊಳ್ಳಬಲ್ಲ ಆಟಗಾರರು ಅನೇಕ ವೇಳೆ ತಮ್ಮ ಮೇಲೆ ತಾವೇ ನಿರ್ಬಂಧಗಳನ್ನು ಹೇರಿಕೊಂಡಿದ್ದಾರೆಂಬುದು ಗಮನಾರ್ಹ. ಸಂಸ್ಥೆ ಸುಲಭವಾಗಿಸಿದುದನ್ನು ಅವರು ಮತ್ತೆ ಕಠಿಣವಾಗಿಸಿಕೊಂಡರು; ಏಕೆಂದರೆ ಅವರು ಬಯಸಿದುದು ಅಡೆತಡೆಯಿಲ್ಲದ ಲೋಕವನ್ನಲ್ಲ, ತಾವು ಮಾಡಿದುದಕ್ಕೆ ಉತ್ತರ ಕೊಡುವ ಲೋಕವನ್ನು.

ಮೂರನೆಯದು ಸ್ವತಂತ್ರ ಸೃಷ್ಟಿ. ‘ತಾಮ್ರಿಯೆಲ್ ರೀಬಿಲ್ಟ್’ ಎಂಬ ಸ್ವಯಂಸೇವಕರ ತಂಡ, ಮೊರೋವಿಂಡ್ ಆಟದಲ್ಲಿ ಸೇರದೆ ಉಳಿದ ಮುಖ್ಯಭೂಮಿಯನ್ನು ಎರಡು ದಶಕಗಳಿಗೂ ಮಿಕ್ಕಿ ಭಾಗಭಾಗವಾಗಿ ಕಟ್ಟುತ್ತ ಬಂದಿದೆ. ಜರ್ಮನಿಯ ‘ಶುವರ್‌ಎಐ’ ತಂಡ ಒಬ್ಲಿವಿಯನ್‌ನ ತಳಹದಿಯ ಮೇಲೆ ೨೦೧೦ರಲ್ಲಿ ‘ನೆಹ್ರಿಮ್’ ಅನ್ನೂ, ಸ್ಕೈರಿಮ್‌ನ ತಳಹದಿಯ ಮೇಲೆ ೨೦೧೬ರಲ್ಲಿ ‘ಎಂಡೆರಾಲ್’ ಅನ್ನೂ ರಚಿಸಿತು. ಇವುಗಳಲ್ಲಿ ಭೂಮಿ, ಕಥೆ, ಪಾತ್ರಗಳೆಲ್ಲವೂ ಹೊಸತು. ಮೂಲ ಆಟ ಇಲ್ಲಿ ಕೇವಲ ರಂಗಸ್ಥಳ. ಆಸ್ಟ್ರೇಲಿಯಾದ ನಿಕ್ ಪಿಯರ್ಸ್ ಅವರು ಸ್ಕೈರಿಮ್‌ಗಾಗಿ ೨೦೧೫ರಲ್ಲಿ ರಚಿಸಿದ ‘ದ ಫರ್ಗಾಟನ್ ಸಿಟಿ’ ಎಂಬ ಮಾಡ್‌ನ ಬರವಣಿಗೆಗೆ ಮರುವರ್ಷ ಆ ದೇಶದ ಲೇಖಕರ ಸಂಘದ ಪ್ರಶಸ್ತಿ ದೊರೆಯಿತು. ೨೦೨೧ರಲ್ಲಿ ಅದು ರೋಮನ್ ನಗರದ ಹಿನ್ನೆಲೆಯಲ್ಲಿ ಪ್ರತ್ಯೇಕ ಆಟವಾಗಿ ಮರುಹುಟ್ಟು ಪಡೆಯಿತು. ಆಟಗಾರ ಕರ್ತೃವಾಗಬಲ್ಲನೇ ಎಂಬ ಪ್ರಶ್ನೆಗೆ ಇಂತಹ ಕೃತಿಗಳು ಉತ್ತರ ಕೊಟ್ಟಿವೆ. ಉಳಿದಿರುವುದು ಆ ಕರ್ತೃತ್ವಕ್ಕೆ ಹಕ್ಕಿನ ಆಧಾರವಿದೆಯೇ ಎಂಬ ಪ್ರಶ್ನೆ.

೫. ಹಕ್ಕೋ ಅನುಮತಿಯೋ

ಅಮೆರಿಕದ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಎರಡು ತೀರ್ಪುಗಳು ಈ ಸಂದರ್ಭದಲ್ಲಿ ಮುಖ್ಯವಾದವು. ‘ಗೇಮ್ ಜೀನಿ’ ಎಂಬ ಉಪಕರಣ ನಿಂಟೆಂಡೊ ಆಟಗಳ ನಿಯಮಗಳನ್ನು ಆಡುವ ಹೊತ್ತಿಗೆ ಮಾತ್ರ ಬದಲಿಸುತ್ತಿತ್ತು. ಆ ಬದಲಾವಣೆಗೆ ಸ್ಥಿರವಾದ ರೂಪವಿಲ್ಲದ ಕಾರಣ ಅದು ವ್ಯುತ್ಪನ್ನ ಕೃತಿಯಾಗದೆಂದು ೧೯೯೨ರಲ್ಲಿ ತೀರ್ಮಾನವಾಯಿತು. ೧೯೯೮ರ ಮೈಕ್ರೋ ಸ್ಟಾರ್ ಪ್ರಕರಣದಲ್ಲಿ ತೀರ್ಪು ಬೇರೆಯಾಯಿತು. ‘ಡ್ಯೂಕ್ ನ್ಯೂಕೆಮ್ ೩ಡಿ’ ಆಟಕ್ಕೆ ಆಟಗಾರರು ರಚಿಸಿದ್ದ ಮುನ್ನೂರು ಹಂತಗಳನ್ನು ಸಂಗ್ರಹಿಸಿ ಸಂಸ್ಥೆಯೊಂದು ಮಾರಿತ್ತು. ಆ ನಕಾಶೆಯ ಕಡತಗಳಲ್ಲಿ ಮೂಲ ಆಟದ ಚಿತ್ರಗಳೇ ಇರಲಿಲ್ಲ. ಯಾವ ಚಿತ್ರ ಎಲ್ಲಿ ಬರಬೇಕೆಂಬ ಸೂಚನೆಗಳಷ್ಟೇ ಇದ್ದವು. ಹಾಗಿದ್ದರೂ ಅವು ಮೂಲ ಕಥೆಯ ಮುಂದುವರಿಕೆಗಳೆಂದೂ, ಮುಂದುವರಿಕೆಯ ಹಕ್ಕು ಮೂಲದ ಒಡೆಯರದೆಂದೂ ನ್ಯಾಯಾಲಯ ಹೇಳಿತು. ಈ ತರ್ಕದ ಪ್ರಕಾರ ಮಾಡ್ ಇರುವುದು ಹಕ್ಕಿನ ಬಲದಿಂದಲ್ಲ, ಅನುಮತಿಯ ಬಲದಿಂದ.

ಆ ಅನುಮತಿಯ ಷರತ್ತುಗಳು ಬಳಕೆದಾರರ ಒಪ್ಪಂದದಲ್ಲಿರುತ್ತವೆ. ಸಂಸ್ಥೆ ನೀಡುವ ಸಾಧನದಿಂದ ರಚಿಸಿದುದನ್ನು ಸ್ವಂತವಾಗಿ ಮಾರುವಂತಿಲ್ಲ. ಹಂಚಿದರೆ ಅದನ್ನು ಬಳಸಿಕೊಳ್ಳುವ ಅಧಿಕಾರ ಸಂಸ್ಥೆಗೂ ಇರುತ್ತದೆ. ಆಡುವ ಉಪಕರಣದ ಒಡೆತನವೂ ಇಲ್ಲಿ ಪರಿಣಾಮ ಬೀರುತ್ತದೆ. ೨೦೧೬ರಲ್ಲಿ ಸ್ಕೈರಿಮ್‌ನ ವಿಶೇಷ ಆವೃತ್ತಿ ಮಾಡ್‌ಗಳನ್ನು ಗೃಹಬಳಕೆಯ ಆಟಯಂತ್ರಗಳಿಗೂ ತಂದಾಗ, ಸೋನಿಯ ಯಂತ್ರದಲ್ಲಿ ಹೊರಗಿನ ಚಿತ್ರ, ಧ್ವನಿಗಳಿಗೆ ಅವಕಾಶ ಸಿಗಲಿಲ್ಲ. ಆಟದಲ್ಲಿ ಮೊದಲೇ ಇದ್ದ ಸಾಮಗ್ರಿಯನ್ನಷ್ಟೇ ಮರುಜೋಡಿಸಬಹುದಾಗಿತ್ತು.

ಆದರೆ ಹೊಣೆಯ ಭಾರ ಒಂದೇ ಕಡೆಗೆ ಬಿದ್ದಿಲ್ಲವೆಂಬುದನ್ನೂ ಹೇಳಬೇಕು. ೨೦೦೬ರ ಮೇ ತಿಂಗಳಿನಲ್ಲಿ ಅಮೆರಿಕದ ಆಟ ವರ್ಗೀಕರಣ ಮಂಡಳಿ ಒಬ್ಲಿವಿಯನ್ ಅನ್ನು ಹದಿಹರೆಯದವರ ವರ್ಗದಿಂದ ಪ್ರೌಢರ ವರ್ಗಕ್ಕೆ ವರ್ಗಾಯಿಸಿತು. ಅದಕ್ಕಿದ್ದ ಕಾರಣಗಳಲ್ಲಿ ಒಂದು, ಕಡತಗಳಲ್ಲಿ ಅಡಗಿದ್ದ ನಗ್ನ ಚಿತ್ರವನ್ನು ಹೊರಗಿನವರ ಮಾಡ್ ಬಯಲಿಗೆ ತಂದುದು. ಪರರು ಮಾಡಿದ ಬದಲಾವಣೆಗೆ ಪ್ರಕಾಶಕರು ಉತ್ತರ ಹೇಳಬೇಕಾದ ಈ ಪ್ರಸಂಗವನ್ನು ಗಮನಿಸಿದರೆ, ಷರತ್ತುಗಳ ಹಿಂದೆ ಲಾಭದ ಆಸೆಯಷ್ಟೇ ಇದೆಯೆಂದು ಹೇಳಲಾಗದು.

ಹಣದ ಪ್ರಶ್ನೆ ನೇರವಾಗಿ ಎದುರಾದುದು ೨೦೧೫ರಲ್ಲಿ. ಆ ವರ್ಷ ಏಪ್ರಿಲ್ ೨೩ರಂದು ವಾಲ್ವ್ ಸಂಸ್ಥೆಯ ‘ಸ್ಟೀಮ್’ ಮಾರಾಟ ವ್ಯವಸ್ಥೆಯಲ್ಲಿ ಸ್ಕೈರಿಮ್ ಮಾಡ್‌ಗಳನ್ನು ಮಾರಲು ಅವಕಾಶ ಕಲ್ಪಿಸಲಾಯಿತು. ಆದಾಯದಲ್ಲಿ ಶೇ. ೨೫ ರಚಕನಿಗೆ, ಶೇ. ೩೦ ವಾಲ್ವ್‌ಗೆ, ಶೇ. ೪೫ ಬೆಥೆಸ್ಡಾಕ್ಕೆ ಎಂಬ ಹಂಚಿಕೆ ಇತ್ತು. ವಿರೋಧದ ಮನವಿಗೆ ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದವು. ಇನ್ನೊಬ್ಬರು ಉಚಿತವಾಗಿ ಹಂಚಿದ್ದ ಮಾಡ್ ಅನ್ನು ಆಧರಿಸಿದ್ದ ಮಾಡ್ ಒಂದು ಮಾರಾಟಕ್ಕೆ ಬಂದು, ತಕರಾರಿನ ನಂತರ ಹಿಂದೆಗೆಯಲ್ಪಟ್ಟಿತು. ನಾಲ್ಕೇ ದಿನಗಳಲ್ಲಿ, ಏಪ್ರಿಲ್ ೨೭ರಂದು, ಯೋಜನೆ ರದ್ದಾಗಿ ಹಣ ಮರಳಿಸಲಾಯಿತು.

ಈ ಪ್ರಸಂಗವನ್ನು ಉಚಿತಕ್ಕೆ ಒಗ್ಗಿಕೊಂಡವರ ಸಿಟ್ಟೆಂದು ಮಾತ್ರ ಓದುವುದು ಸರಿಯಲ್ಲ. ಮಾಡ್‌ಗಳ ಪರಂಪರೆ ಪರಸ್ಪರ ಎರವಲಿನ ಮೇಲೆ ಬೆಳೆದುದು. ಒಬ್ಬರು ರಚಿಸಿದ ಚಲನೆ, ಮತ್ತೊಬ್ಬರ ಉಡುಪು, ಮೂರನೆಯವರ ಕಥೆಯಲ್ಲಿ ಕೂಡಿಕೊಳ್ಳುತ್ತವೆ. ಅಂತಹ ಕಡೆ ಒಬ್ಬನ ಹೆಸರಿಗೆ ಬೆಲೆ ಕಟ್ಟಿದೊಡನೆ ಉಳಿದವರ ಪಾಲೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಎರವಲಿನ ವಿಶ್ವಾಸವೇ ಕುಸಿಯುತ್ತದೆ. ಮತ್ತೊಂದೆಡೆ, ಸಾವಿರಾರು ಗಂಟೆಗಳ ದುಡಿಮೆಗೆ ಪ್ರತಿಫಲವೇ ಇರಬಾರದೆಂಬ ವಾದವೂ ನ್ಯಾಯವಲ್ಲ. ಜೂಲಿಯನ್ ಕ್ಯೂಕ್ಲಿಶ್ ೨೦೦೫ರಲ್ಲಿಯೇ ಇದನ್ನು ಆಟವೂ ದುಡಿಮೆಯೂ ಬೆರೆತ ಸ್ಥಿತಿಯೆಂದು ವಿವರಿಸಿ, ಆಟವೆಂಬ ಹೆಸರಿನಿಂದಾಗಿಯೇ ಆ ದುಡಿಮೆ ದುಡಿಮೆಯಾಗಿ ಕಾಣದೆ ಹೋಗುತ್ತದೆಂದು ತೋರಿಸಿದ್ದರು. ಬೆಥೆಸ್ಡಾ ೨೦೧೭ರಲ್ಲಿ ‘ಕ್ರಿಯೇಷನ್ ಕ್ಲಬ್’ ಎಂಬ ಆಯ್ದ ರಚಕರ ವ್ಯವಸ್ಥೆಯನ್ನೂ, ೨೦೨೩ರ ಡಿಸೆಂಬರಿನಲ್ಲಿ ಅದರ ಸ್ಥಾನದಲ್ಲಿ ‘ಕ್ರಿಯೇಷನ್ಸ್’ ಎಂಬ ವಿಸ್ತೃತ ವ್ಯವಸ್ಥೆಯನ್ನೂ ತಂದಿತು. ಹಣಕ್ಕೆ ಮಾರುವ ಮಾಡ್‌ಗಳು ಹೀಗೆ ಬೇರೆ ರೂಪದಲ್ಲಿ ಮರಳಿ ಬಂದಿವೆ. ಉಚಿತವಾಗಿ ಹಂಚುವ ಪರಂಪರೆಯೂ ಅವುಗಳ ಪಕ್ಕದಲ್ಲಿ ಉಳಿದುಕೊಂಡಿದೆ.

೬. ಅಸ್ಥಿರತೆ ಮತ್ತು ಸಂರಕ್ಷಣೆ

ಅನುಮತಿಯನ್ನು ಯಾರೂ ಹಿಂತೆಗೆದುಕೊಳ್ಳದಿದ್ದರೂ ಮಾಡ್ ಅಳಿಯಬಹುದು. ಅನೇಕ ಮಾಡ್‌ಗಳು ಮೂಲ ಕ್ರಮವಿಧಿಯ ನಿರ್ದಿಷ್ಟ ಆವೃತ್ತಿಗೆ ಅಂಟಿಕೊಂಡಿರುತ್ತವೆ. ೨೦೨೧ರ ನವೆಂಬರಿನಲ್ಲಿ ಸ್ಕೈರಿಮ್ ಪರಿಷ್ಕರಣಗೊಂಡಾಗ ಇಂತಹ ಮಾಡ್‌ಗಳು ಒಮ್ಮೆಲೇ ನಿಂತುಹೋದವು. ಅನೇಕ ಆಟಗಾರರು ಹಳೆಯ ಆವೃತ್ತಿಗೆ ಹಿಂದಿರುಗಬೇಕಾಯಿತು. ಇದೇ ಸಂಸ್ಥೆಯ ‘ಫಾಲ್‌ಔಟ್ ೪’ ಆಟಕ್ಕೆ ಸ್ವಯಂಸೇವಕರ ತಂಡವೊಂದು ರಚಿಸಿದ ‘ಫಾಲ್‌ಔಟ್: ಲಂಡನ್’ ೨೦೨೪ರ ಏಪ್ರಿಲ್‌ನಲ್ಲಿ ಬಿಡುಗಡೆಯಾಗಬೇಕಿತ್ತು. ಅದೇ ವಾರ ಮೂಲ ಆಟದ ಹೊಸ ಪರಿಷ್ಕರಣ ಪ್ರಕಟವಾಗಲಿದ್ದುದರಿಂದ ಅದು ಜುಲೈವರೆಗೆ ಮುಂದೂಡಲ್ಪಟ್ಟಿತು. ಅಭಿವೃದ್ಧಿಯೆಂದು ಬಂದುದೇ ಇಲ್ಲಿ ವಿಘ್ನವಾಯಿತು.

ರಚಕನ ಇಚ್ಛೆಯೂ ಅಳಿವಿಗೆ ಕಾರಣವಾಗಬಹುದು. ಮಾಡ್‌ಗಳ ದೊಡ್ಡ ಭಂಡಾರವಾದ ‘ನೆಕ್ಸಸ್ ಮಾಡ್ಸ್’ ೨೦೨೧ರಲ್ಲಿ ಒಂದು ನಿರ್ಧಾರ ಕೈಗೊಂಡಿತು. ಇನ್ನು ಮುಂದೆ ರಚಕರು ತಮ್ಮ ಕಡತವನ್ನು ಪೂರ್ಣವಾಗಿ ಅಳಿಸಲಾಗದು, ಅದನ್ನು ಕಣ್ಮರೆಗೊಳಿಸಿ ಕಾಪಿಡಲಾಗುವುದು ಎಂಬುದು ಅದರ ಸಾರ. ನೂರಾರು ಮಾಡ್‌ಗಳ ಸಿದ್ಧ ಸಂಕಲನಗಳಲ್ಲಿ ಒಂದು ಕಡತ ಕಳಚಿದರೂ ಇಡೀ ಸಂಕಲನ ಕುಸಿಯುತ್ತದೆಂಬುದು ಭಂಡಾರದ ವಾದ. ಬರೆದುದನ್ನು ಹಿಂತೆಗೆದುಕೊಳ್ಳುವ ಹಕ್ಕು ಬರೆದವನದೆಂಬುದು ರಚಕರ ವಾದ. ನಿಯಮ ಜಾರಿಯಾಗುವ ಮುನ್ನ ದೊರೆತ ಒಂದು ತಿಂಗಳ ಅವಧಿಯಲ್ಲಿ ಕೆಲವರು ತಮ್ಮ ರಚನೆಗಳನ್ನೆಲ್ಲ ಹಿಂಪಡೆದರು. ಉಳಿಸುವ ಕಾಳಜಿಯೇ ಕೆಲವು ಕೃತಿಗಳ ನಷ್ಟಕ್ಕೆ ನಿಮಿತ್ತವಾದುದು ಈ ಪ್ರಸಂಗದ ವಿಷಾದ.

ಇದಕ್ಕೆ ಒಂದು ಪರಿಹಾರವನ್ನು ಆಟಗಾರರೇ ಕಂಡುಕೊಂಡಿದ್ದಾರೆ. ೨೦೦೮ರಲ್ಲಿ ಆರಂಭವಾದ ‘ಓಪನ್‌ಎಂಡಬ್ಲ್ಯು’ ಯೋಜನೆ ಮೊರೋವಿಂಡ್ ಅನ್ನು ನಡೆಸುವ ಯಂತ್ರಭಾಗವನ್ನು ಮುಕ್ತ ತಂತ್ರಾಂಶವಾಗಿ ಹೊಸದಾಗಿ ಬರೆದಿದೆ. ಕಥೆ ಮತ್ತು ಚಿತ್ರಗಳಿಗಾಗಿ ಮೂಲ ಆಟವನ್ನು ಕೊಂಡಿರಲೇಬೇಕು; ಆದರೆ ಅದನ್ನು ನಡೆಸಲು ಸಂಸ್ಥೆಯ ಹಳೆಯ ಕ್ರಮವಿಧಿಯನ್ನು ಅವಲಂಬಿಸಬೇಕಿಲ್ಲ. ಆಟದ ಮೇಲಿನ ಸ್ವಾತಂತ್ರ್ಯಕ್ಕೆ ಇದು ಹೆಚ್ಚು ಭದ್ರವಾದ ನೆಲೆ.

ಗ್ರಂಥಾಲಯಗಳ ಮಟ್ಟಿಗೆ ಈ ವಿಷಯ ದೂರದ್ದಲ್ಲ. ಭಾರತದ ಹಕ್ಕುಸ್ವಾಮ್ಯ ಅಧಿನಿಯಮಕ್ಕೆ ೨೦೧೨ರಲ್ಲಿ ಆದ ತಿದ್ದುಪಡಿಯ ೫೨(೧)(ಎನ್) ಉಪಬಂಧ, ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಕಾಪಿಡಲು ಅವಕಾಶ ನೀಡುತ್ತದೆ. ಅದಕ್ಕಿರುವ ಷರತ್ತೆಂದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದ ಬಳಿ ಮೊದಲೇ ಇರಬೇಕು. ಮುದ್ರಿತ ಗ್ರಂಥಕ್ಕೂ ಹಸ್ತಪ್ರತಿಗೂ ಇದು ಸಾಕಾಗುತ್ತದೆ. ಹುಟ್ಟಿನಿಂದಲೇ ಡಿಜಿಟಲ್ ಆಗಿರುವ ಕೃತಿಗೆ ಬೇರೆ ರೂಪದ ಪ್ರತಿಯೇ ಇರುವುದಿಲ್ಲವಾದುದರಿಂದ ಈ ವಾಕ್ಯದ ನೇರ ಅರ್ಥದಲ್ಲಿ ಅದು ಈ ರಕ್ಷಣೆಯ ಹೊರಗುಳಿಯುತ್ತದೆ. ಇದು ವಿಡಿಯೊ ಆಟಗಳಿಗೆ ಮಾತ್ರವಲ್ಲದೆ, ಗಣಕದಲ್ಲಿಯೇ ರಚಿತವಾಗಿ ಗಣಕದಲ್ಲಿಯೇ ಓದಲ್ಪಡುವ ಎಲ್ಲ ಬರವಣಿಗೆಗೂ ಅನ್ವಯಿಸುವ ಮಾತು.

ಸಂರಕ್ಷಿಸುವುದಾದರೂ ಯಾವುದನ್ನು ಎಂಬುದು ಮುಂದಿನ ಪ್ರಶ್ನೆ. ಮಾರಾಟವಾದ ಮೂಲ ಆಟದ ಒಂದು ಪ್ರತಿಯನ್ನು ಕಪಾಟಿನಲ್ಲಿರಿಸಿದರೆ, ಜನರು ವಾಸ್ತವವಾಗಿ ಆಡಿದ ಆಟ ಅಲ್ಲಿರುವುದಿಲ್ಲ. ಮೂಲದ ಆವೃತ್ತಿಸಂಖ್ಯೆ, ಅಳವಡಿಸಿದ ಮಾಡ್‌ಗಳ ಪಟ್ಟಿ, ಅವುಗಳ ಅನುಕ್ರಮ, ರಚಕರ ಹೆಸರು ಮತ್ತು ಅವರು ವಿಧಿಸಿದ ಷರತ್ತು, ಇಷ್ಟೂ ಸೇರಿದಾಗ ಮಾತ್ರ ಒಂದು ಪಾಠವನ್ನು ಪುನಾರಚಿಸಲು ಸಾಧ್ಯ. ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಅಡಿಯಲ್ಲಿ ದಾಖಲಿಸುವ ಶಿಸ್ತನ್ನು ಗ್ರಂಥಸಂಪಾದಕರು ಬಹುಹಿಂದೆಯೇ ರೂಢಿಸಿಕೊಂಡಿದ್ದಾರೆ. ಆ ಶಿಸ್ತು ಇಲ್ಲಿ ಬೇಕಾಗಿದೆ.

ಆಟದೊಳಗಿನ ಸ್ವಾತಂತ್ರ್ಯವನ್ನು ಸಂಸ್ಥೆ ರಚಿಸಿ ಮಾರಬಲ್ಲುದು. ಅದರ ಅಳತೆಯೂ ಸಂಸ್ಥೆಯ ಕೈಯಲ್ಲಿದೆ. ಆಟದ ಮೇಲಿನ ಸ್ವಾತಂತ್ರ್ಯ ಆಟಗಾರರು ಕೂಡಿ ದುಡಿದು ಗಳಿಸಿಕೊಂಡುದು. ಮೇಜಿನ ಸುತ್ತ ಕುಳಿತವರಿಗೆ ಸೂತ್ರಧಾರನೊಡನೆ ವಾದಿಸುವ ಅವಕಾಶವಿತ್ತು. ಯಂತ್ರ ಕಸಿದುಕೊಂಡ ಆ ಅವಕಾಶವನ್ನು ಮಾಡ್ ಭಾಗಶಃ ಮರಳಿ ತಂದಿತು. ಆದರೆ ಅದು ಇಂದಿಗೂ ಒಡೆಯರ ಒಪ್ಪಿಗೆ, ಆವೃತ್ತಿಯ ಸ್ಥಿರತೆ ಮತ್ತು ಭಂಡಾರದ ನೀತಿ ಎಂಬ ಮೂರು ಆಸರೆಗಳ ಮೇಲೆ ನಿಂತಿದೆ. ಇವುಗಳಲ್ಲಿ ಯಾವುದೊಂದು ಸರಿದರೂ ಕೃತಿ ಇಲ್ಲವಾಗುತ್ತದೆ. ಮುಂದೆ ಅದನ್ನು ಅರಸಿ ಬರುವ ಸಂಶೋಧಕನಿಗೆ ಒಂದು ಹೆಸರು ಮಾತ್ರ ಉಳಿದಿರುತ್ತದೆ.